ಗೆರೆಯವರೆಗೆ

ಜೂನ್ 3

ತಮ್ಮನಿಗೆ,

ನೀನು ಆ ವ್ಯಸನಮುಕ್ತಿ ಕೇಂದ್ರ ಸೇರಿ ಹನ್ನೊಂದು ದಿನವಾಯಿತು. ಫೋನು ಕೊಡುವುದಿಲ್ಲ, ಕಾಗದಕ್ಕೆ ಅಡ್ಡಿಯಿಲ್ಲ ಎಂದು ಗೇಟಿನಲ್ಲೇ ಹೇಳಿದ್ದರಿಂದ ಬರೆಯುತ್ತಿದ್ದೇನೆ. ನನಗೆ ಅಂಗಡಿಗಳ ತೂಕ-ಅಳತೆ ತಪಾಸಣೆಯ ವರದಿ ಬರೆದು ಅಭ್ಯಾಸವೇ ಹೊರತು ಕಾಗದ ಬರೆದಲ್ಲ. ಇದೂ ಅದೇ ಧಾಟಿಯಲ್ಲಿದ್ದರೆ ಬೇಜಾರು ಮಾಡಿಕೊಳ್ಳಬೇಡ.

ಮನೆ ಇದ್ದ ಹಾಗೇ ಇದೆ. ನಿನ್ನ ಬಣ್ಣದ ಡಬ್ಬಗಳನ್ನು ನೀನು ಹೇಳಿದ ಹಾಗೆ ಬೋರಲು ಹಾಕಿಟ್ಟಿದ್ದೇನೆ. ಏಣಿಯನ್ನು ಯಾರಿಗೂ ಕೊಟ್ಟಿಲ್ಲ. ಆದರೆ ಅದು ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನೀನು ಅಂಗಡಿಯ ಬೋರ್ಡು ಬರೆಯಲು ಹತ್ತಿ ಅದರಿಂದ ಬಿದ್ದು ಬೆನ್ನು ಮುರಿದುಕೊಂಡೆ, ಆ ನೋವಿಗೆ ಕೊಟ್ಟ ಮಾತ್ರೆಗಳ ರುಚಿ ನಿನಗೆ ಹತ್ತಿತು. ಮುಂದಿನದು ಇಬ್ಬರಿಗೂ ಗೊತ್ತಿದೆ.

ಅಮ್ಮ ಹೋಗಿ ಏಳು ವಾರ. ಕಳೆದ ಭಾನುವಾರ ಅವಳ ಕೋಣೆ ಖಾಲಿ ಮಾಡಿದೆ. ಹಾಸಿಗೆ ಆಸ್ಪತ್ರೆಯವರದ್ದು, ಒಯ್ದರು. ಬಟ್ಟೆಗಳನ್ನು ಕೊಟ್ಟುಬಿಟ್ಟೆ. ಸ್ಟೂಲಿನ ಮೇಲಿದ್ದ ನೋವಿನ ಔಷಧಿಯ ಸೀಸೆಯೊಂದನ್ನು ಮಾತ್ರ ತೆಗೆಯಲಾಗಲಿಲ್ಲ. ಅದರ ಪಕ್ಕದಲ್ಲೇ ಸಾಸರಿನ ಮೇಲೆ ಅವಳ ಚಮಚವೂ ಇದೆ. ಉಳಿದ ಔಷಧಿಯನ್ನು ಆಸ್ಪತ್ರೆಗೆ ಮರಳಿಸಬೇಕೆನ್ನುವುದು ನಿಯಮ. ನಿಯಮ ಹೇಳಿಕೊಂಡೇ ಹೊಟ್ಟೆ ಹೊರೆಯುವವಳು ನಾನು, ಆದರೂ ಇದನ್ನು ಇಟ್ಟುಕೊಂಡೆ.

ಕಾರಣ ಔಷಧಿಯಲ್ಲ. ಎಲ್ಲ ಸೀಸೆಗೂ ಗೆರೆ ಹಾಕುವುದು ಅಮ್ಮನ ಚಟ. ಅಪ್ಪನ ಬಾಟಲಿಗಳ ಕಾಲದಲ್ಲಿ ಶುರುವಾದದ್ದು ಅಪ್ಪ ಹೋದ ಮೇಲೂ ಬಿಡಲಿಲ್ಲ. ಫಿನಾಯಿಲಿಗೂ ಗೆರೆ, ನಿನ್ನ ಟರ್ಪೆಂಟೈನಿಗೂ ಗೆರೆ. ಈ ಸೀಸೆಯ ಲೇಬಲ್ಲಿನ ಅಂಚಿನಲ್ಲಿ ಪೆನ್ಸಿಲಿನ ಆರು ಗೆರೆಗಳಿವೆ, ಸಂಜೆಗೊಂದರಂತೆ ಆರು ದಿನದ್ದು. ಔಷಧಿ ಕೊನೆಯ ಗೆರೆಯವರೆಗೆ ಸರಿಯಾಗಿ ನಿಂತಿದೆ. ಸುಮ್ಮನಿರಲಾರದೆ ಅಳೆದೆ. ನೂರ ಹತ್ತು ಮಿಲಿ ಇದೆ. ಅವಳು ಈ ಮನೆಯಲ್ಲಿ ಕೊನೆಯದಾಗಿ ಬರೆದದ್ದು ಆ ಗೆರೆ. ಅದು ನನಗೆ ಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇತಿ,
ಅಕ್ಕ

ಜೂನ್ 16

ಸ್ಕೇಲಕ್ಕನಿಗೆ ನಮಸ್ಕಾರ,

ವರದಿ ತಲುಪಿತು. ರುಜು ಇದೆ, ಮುದ್ರೆ ಒಂದು ಕಮ್ಮಿ.

ಇಲ್ಲಿ ಬೆಳಿಗ್ಗೆ ಆರಕ್ಕೆ ಗಂಟೆ ಹೊಡೆಯುತ್ತಾರೆ. ಅಂಗಳದ ಒಂದು ಕಡೆ ಗಂಡಸರ ಕೋಣೆಗಳು, ಇನ್ನೊಂದು ಕಡೆ ಹೆಂಗಸರವು, ನಡುವೆ ಊಟದ ಮನೆ. ಮೊದಲ ವಾರ ನಾನು ಮನುಷ್ಯನಾಗಿರಲಿಲ್ಲ, ಹಾಗಾಗಿ ಅದರ ಬಗ್ಗೆ ಬರೆಯಲು ಏನೂ ಇಲ್ಲ. ಎರಡನೇ ವಾರ ಮ್ಯಾನೇಜರಮ್ಮ ಕರೆದು, "ನೀನು ಬೋರ್ಡ್ ಬರೆಯೋನಂತೆ. ಬಾಗಿಲುಗಳ ನಂಬರ್ ಎಲ್ಲ ಅಳಿಸಿಹೋಗಿವೆ, ಬರೀತೀಯಾ?" ಅಂದರು. ಒಂದು ಡಬ್ಬ ಕರಿ ಬಣ್ಣ, ಕೂದಲು ಉದುರುವ ಒಂದು ಬ್ರಶ್ಶು ಕೊಟ್ಟಿದ್ದಾರೆ. ಒಂದನೇ ಬಾಗಿಲಿನ ಒಂದು, ಗಾಳಿಗೆ ಸಿಕ್ಕ ದಾರದ ಹಾಗೆ ಬಂತು. ಒಂದು ಬರೆಯಲು ಬಾರದ ಪೇಂಟರನ್ನು ನೋಡಿದ್ದೀಯಾ? ಈಗ ನಾಲ್ಕಕ್ಕೆ ಬಂದಿದ್ದೇನೆ, ಕೈ ಸ್ವಲ್ಪ ಹಿಡಿತಕ್ಕೆ ಸಿಕ್ಕಿದೆ.

ನನ್ನ ಕೋಣೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಮೂವತ್ತು ವರ್ಷ ಮಕ್ಕಳಿಗೆ ಕುಡಿಯಬಾರದು ಎಂದು ಪಾಠ ಮಾಡಿ ಬಂದವರು. "ಸಿಲಬಸ್ಸಿನಲ್ಲಿ ಇತ್ತಪ್ಪ, ಪ್ರಾಕ್ಟಿಕಲ್ ಇರಲಿಲ್ಲ" ಅನ್ನುತ್ತಾರೆ. ಒಳ್ಳೆಯವರು.

ಅಕ್ಕ, ಆ ಸೀಸೆ ಬಿಸಾಡು. ನಾನು ಸೆಪ್ಟೆಂಬರಿನಲ್ಲಿ ಮನೆಗೆ ಬರಬೇಕಾದವನು. ಅಂಥದ್ದು ಇರುವ ಮನೆಗೆ ನಾನು ಬರಲಾಗುವುದಿಲ್ಲ. ನನ್ನ ಮೇಲೆ ನನಗೆ ಇನ್ನೂ ಅಷ್ಟು ನಂಬಿಕೆ ಬಂದಿಲ್ಲ. ಅಮ್ಮನ ಅಕ್ಷರ ಬೇಕಾದರೆ ಅವಳ ಹಳೇ ಪುಸ್ತಕಗಳಲ್ಲಿ ಎಷ್ಟೋ ಇದೆ, ಅದನ್ನು ಇಟ್ಟುಕೋ. ಆ ಗೆರೆ ಬೇಡ.

ನಿನ್ನ,
ತಮ್ಮ

ಜುಲೈ 1

ತಮ್ಮನಿಗೆ,

ಸೀಸೆ ಬಿಸಾಡಿಲ್ಲ. ಯಾಕೆಂದು ಹೇಳುತ್ತೇನೆ. ಪೂರ್ತಿ ಓದಿ ಆಮೇಲೆ ನನಗೆ ತಲೆ ಕೆಟ್ಟಿದೆ ಎನ್ನು.

ಹೋದ ಬುಧವಾರ ಗುಡಿಸುವಾಗ ಪೊರಕೆಯ ಹಿಡಿ ತಗುಲಿ ಸೀಸೆ ಸ್ಟೂಲಿನ ಮೇಲೇ ಮಗುಚಿತು. ಬಿರಡೆ ಸಡಿಲವಿತ್ತು. ಅರ್ಧಕ್ಕರ್ಧ ಚೆಲ್ಲಿಹೋಯಿತು. ಒರೆಸಿದ ಬಟ್ಟೆ ಅಂಟಂಟಾಗಿ ಎರಡು ಸಲ ಸೋಪು ಹಾಕಿ ತೊಳೆದೆ. ಗುರುವಾರ ಬೆಳಿಗ್ಗೆ ನೋಡಿದರೆ ಔಷಧಿ ಗೆರೆಯವರೆಗೆ ಇತ್ತು.

ಮೊದಲು ನನ್ನ ಕಣ್ಣನ್ನೇ ಅನುಮಾನಿಸಿದೆ. ಸೀಸೆಯಲ್ಲಿ ದ್ರವದ ಮೇಲ್ಮೈ ನಡುವೆ ಕೊಂಚ ತಗ್ಗಿರುತ್ತದೆ. ಆ ತಗ್ಗನ್ನು ಕಣ್ಣಿನ ಮಟ್ಟಕ್ಕೆ ತಂದು ಓದಬೇಕು. ಮೇಲಿನಿಂದ ನೋಡಿ ಮೋಸಹೋಗುವ ಅಂಗಡಿಯವರಿಗೆ ಇಪ್ಪತ್ತೆರಡು ವರ್ಷದಿಂದ ಇದನ್ನೇ ಹೇಳಿಕೊಡುತ್ತಿದ್ದೇನೆ. ಬಗ್ಗಿ, ಕಣ್ಣು ಮಟ್ಟ ಮಾಡಿ ನೋಡಿದೆ. ಗೆರೆಯ ಮೇಲೇ ಇತ್ತು. ಮಧ್ಯಾಹ್ನದ ಮೇಲೆ ಕಚೇರಿಯಿಂದ ಗಾಜಿನ ಅಳತೆಯ ಜಾಡಿಯನ್ನೂ ತಕ್ಕಡಿಯನ್ನೂ ತಂದು ಅಳೆದೆ, ತೂಗಿದೆ. ನೂರ ಹತ್ತು ಮಿಲಿ, ನೂರ ಮೂವತ್ತೆಂಟು ಗ್ರಾಂ.

ಐವತ್ತು ಮಿಲಿ ಸಿಂಕಿಗೆ ಸುರಿದೆ. ಬೆಳಿಗ್ಗೆ ನೂರ ಹತ್ತು. ಪೂರ್ತಿ ಸುರಿದು, ಸೀಸೆ ತೊಳೆದು, ಬಿಸಿಲಲ್ಲಿ ಒಣಗಿಸಿ ಇಟ್ಟೆ. ನೂರ ಹತ್ತು. ಪೆಟ್ರೋಲ್ ಪಂಪಿಗೆ ಹಾಕುವ ಹಾಗೆ ಬಿರಡೆಗೆ ತಂತಿ ಸುತ್ತಿ ಕಚೇರಿಯ ಮುದ್ರೆ ಒತ್ತಿದೆ. ಮುದ್ರೆ ಮುರಿದಿರಲಿಲ್ಲ, ಒಳಗೆ ನೂರ ಹತ್ತಿತ್ತು. ಮನೆಯ ಬೀಗದ ಕೈ ನನ್ನ ಹತ್ತಿರ ಬಿಟ್ಟು ಯಾರ ಹತ್ತಿರವೂ ಇಲ್ಲ.

ಹೆದರಿಕೆಯಾಗಲಿಲ್ಲವೇ ಎಂದರೆ, ಆಯಿತು. ಗುರುವಾರ ಕಚೇರಿಗೆ ಹೋಗದೆ ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದೆ. ಆಮೇಲೆ ಅದು ಕಡಿಮೆಯಾಯಿತು. ಅಮ್ಮ ನಮ್ಮ ಲೋಟದ ಹಾಲು ಯಾವತ್ತಾದರೂ ಕಮ್ಮಿಯಾಗಲು ಬಿಟ್ಟಿದ್ದಳೇ? ತನ್ನ ಲೋಟದಿಂದ ಸುರಿದು ಎರಡನ್ನೂ ಸಮ ಮಾಡುತ್ತಿದ್ದಳು. ಇದೂ ಅವಳದೇ ಕೆಲಸ. ಅವಳು ಇದ್ದಾಳೆ. ಎಷ್ಟು ಬೇಕೋ ಅಷ್ಟಕ್ಕೆ ತುಂಬಿಸಿ ಇಡುತ್ತಿದ್ದಾಳೆ.

ರುಚಿ ನೋಡಿಲ್ಲ.

ಇತಿ,
ಅಕ್ಕ

ಜುಲೈ 12

ಅಕ್ಕ,

ನಿನಗೆ ತಲೆ ಕೆಟ್ಟಿಲ್ಲ. ಕೆಟ್ಟಿದ್ದರೆ ನೂರ ಹತ್ತು ಒಂದು ದಿನವಾದರೂ ನೂರ ಹನ್ನೊಂದು ಆಗುತ್ತಿತ್ತು. ನಿನ್ನ ಅಳತೆಯನ್ನು ನಾನು ಅನುಮಾನಿಸುವುದಿಲ್ಲ.

ನನ್ನನ್ನು ಹೆದರಿಸಿದ್ದು ತೂಕ. ನೂರ ಹತ್ತು ಮಿಲಿಗೆ ನೂರ ಮೂವತ್ತೆಂಟು ಗ್ರಾಂ. ಆ ಸೀಸೆಯಲ್ಲಿ ಅಷ್ಟು ತೂಕ ಇರಲು ಸಾಧ್ಯವಿಲ್ಲ. ಯಾಕೆ ಎಂದು ಈಗ ಕೇಳಬೇಡ. ಕಾಗದದಲ್ಲಿ ಬರೆಯುವ ಧೈರ್ಯ ಇನ್ನೂ ಬಂದಿಲ್ಲ.

ನಿನ್ನ ಕಾಗದ ಓದಿದ ದಿನದಿಂದ ಮೂರು ದಿನ ಬ್ರಶ್ಶು ಹಿಡಿಯಲಾಗಲಿಲ್ಲ. ಎಷ್ಟು ಕುಡಿದರೂ ಮುಗಿಯದ ಸೀಸೆ ಎಂದರೆ ನಮ್ಮಂಥವರಿಗೆ ಏನು ಎಂದು ನಿನಗೆ ಹೇಗೆ ಹೇಳಲಿ? ಮೇಷ್ಟ್ರಿಗೆ ಕಥೆಯ ಹಾಗೆ ಹೇಳಿದೆ. ಅವರು ನಗಲಿಲ್ಲ. "ಎಲ್ಲಿದೆಯಂತೆ ಆ ಮನೆ?" ಅಂತ ಕೇಳಿದರು. ಅಷ್ಟು ಒಳ್ಳೆಯ ಮನುಷ್ಯ. ಅವರ ಮುಖ ನೋಡಲಾಗದೆ ತಿರುಗಿದೆ, ನನ್ನ ಮುಖವೂ ಹಾಗೇ ಇದ್ದಿರಬೇಕು.

ಸೀಸೆಯನ್ನು ಕಲ್ಲಿನ ಮೇಲೆ ಒಡೆ. ಲೇಬಲ್ಲನ್ನು ಸುಡು. ಅಮ್ಮನೇ ಆಗಿರಲಿ, ಬೇಡ.

ತಮ್ಮ

ಜುಲೈ 29

ತಮ್ಮನಿಗೆ,

ನಿನ್ನ ಕಾಗದ ಬಂದು ತುಂಬ ದಿನವಾಯಿತು. ಉತ್ತರ ಬರೆಯುವುದು ಹೇಗೋ ಮುಂದಕ್ಕೆ ಹೋಯಿತು. ನಾನು ಚೆನ್ನಾಗಿದ್ದೇನೆ. ಈ ವರ್ಷದಲ್ಲಿ ಇಷ್ಟು ಚೆನ್ನಾಗಿ ಇದ್ದದ್ದೇ ಇಲ್ಲ.

ಒಡೆಯಲು ಹೋದೆ. ಹಿತ್ತಲ ಕಲ್ಲಿನವರೆಗೂ ಒಯ್ದೆ. ಒಡೆದರೆ ಗೆರೆ ಹೋಗುತ್ತದಲ್ಲ ಎನ್ನಿಸಿ ವಾಪಸ್ ತಂದಿಟ್ಟೆ. ನೀನು ಬರುವ ಹೊತ್ತಿಗೆ ಏನಾದರೂ ಮಾಡೋಣ, ಇನ್ನೂ ಸಮಯವಿದೆ.

ಹೊಸದೊಂದು ಶುರುವಾಗಿದೆ. ಅಮ್ಮನಿಗೆ ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಏಳಕ್ಕೆ ಚಮಚ ಕೊಡುತ್ತಿದ್ದೆವಲ್ಲ. ಈಗ ಬೆಳಿಗ್ಗೆ ಎಂಟಕ್ಕೆ ಕೋಣೆಗೆ ಹೋದರೆ ಸಾಸರಿನ ಮೇಲಿನ ಚಮಚದಲ್ಲಿ ಔಷಧಿ ತುಂಬಿರುತ್ತದೆ. ಅಂಚಿನವರೆಗೆ ತುಂಬಿ, ಒಂದು ಹನಿಯೂ ಸಾಸರಿಗೆ ಚೆಲ್ಲದೆ. ಅಷ್ಟು ತುಂಬಿದ ಚಮಚವನ್ನು ಅಲುಗಿಸದೆ ಕೆಳಗಿಡಲು ನನಗೇ ಬರುವುದಿಲ್ಲ. ಭಾನುವಾರ ಎರಡಕ್ಕೂ ಇತ್ತು, ಏಳಕ್ಕೂ ಇತ್ತು. ನಾನು ಅದನ್ನು ಸಿಂಕಿಗೆ ಸುರಿಯುತ್ತೇನೆ. ಮುಟ್ಟುವುದಿಲ್ಲ.

ಕಚೇರಿಯಲ್ಲಿ ಸಣ್ಣ ಗಲಾಟೆ. ಒಂದು ಅಂಗಡಿಯ ಐದು ಕಿಲೋ ತೂಕದ ಬಟ್ಟಿಗೆ ಎರಡು ಕಿಲೋದ ಮುದ್ರೆ ಒತ್ತಿದೆನಂತೆ. ಸಾಹೇಬರು ಕರೆದು, "ಏನಮ್ಮ, ನೀವೇ ಹೀಗೆ ಮಾಡಿದ್ರೆ ಹೇಗೆ? ರಜ ಹಾಕಿ, ಸ್ವಲ್ಪ ದಿನ ಮಲಗಿ" ಅಂದರು. ರಜ ಹಾಕಿದ್ದೇನೆ. ಮನೆಯಲ್ಲಿರುವುದು ಹಿತವಾಗಿದೆ. ಅಮ್ಮನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಮಂಚವಿಲ್ಲದ ಜಾಗದಲ್ಲಿ ಮಂಚ ಇದ್ದಂತೆ ಒಂದು ಬೆಚ್ಚಗಿನ ಅಂದಾಜು ಇರುತ್ತದೆ. ನನ್ನ ಮೈಯಲ್ಲಿ ಇಷ್ಟು ವರ್ಷ ಎಲ್ಲೆಲ್ಲಿ ನೋವಿತ್ತು ಎಂದು ಅದು ಹೋದ ಮೇಲೆ ಗೊತ್ತಾಗುತ್ತಿದೆ.

ನಿದ್ದೆ ಚೆನ್ನಾಗಿ ಬರುತ್ತದೆ. ಔಷಧಿಯಿಂದಲ್ಲ. ಅದನ್ನು ನಾನು ಮುಟ್ಟುವುದಿಲ್ಲ.

ನೀನು ಅಲ್ಲೇ ಇನ್ನೊಂದೆರಡು ತಿಂಗಳು ಹೆಚ್ಚಿಗೆ ಇದ್ದರೂ ಒಳ್ಳೆಯದೇ. ಅವಸರ ಇಲ್ಲ.

ಅಕ್ಕ

ಆಗಸ್ಟ್ 9

ಅಕ್ಕ,

ರುಚಿ ನೋಡಿಲ್ಲ ಎಂದು ನೀನು ಮೊದಲೇ ಹೇಳಿದ್ದೆ. ಈ ಸಲ ಎರಡು ಕಡೆ ಮುಟ್ಟುವುದಿಲ್ಲ ಎಂದಿದ್ದೀಯ. ನಾನು ಒಂದು ಸಲವೂ ಕೇಳಿರಲಿಲ್ಲ. ಈ ವಿದ್ಯೆಯಲ್ಲಿ ನಾನು ನಿನಗಿಂತ ಸೀನಿಯರ್, ಸ್ಕೇಲಕ್ಕ. ಉತ್ತರ ಮುಂದಕ್ಕೆ ಹೋಗುವುದು, ಮೈ ಹಗುರಾಗುವುದು, ಕಲ್ಲಿನವರೆಗೆ ಹೋಗಿ ವಾಪಸ್ ಬರುವುದು, ಇನ್ನೂ ಸಮಯವಿದೆ ಎನ್ನುವುದು, ಮನೆಗೆ ಬರುವವರನ್ನು ಬರಬೇಡ ಎನ್ನುವುದು, ಎಲ್ಲವೂ ನನ್ನವೇ ಮಾತುಗಳು. ಗೆರೆಯಿಲ್ಲದ ಹಾಳೆಯಲ್ಲೂ ಸಾಲು ಬಾಗದಂತೆ ಬರೆಯುವವಳು ನೀನು. ನಿನ್ನ ಈ ಕಾಗದದ ಸಾಲುಗಳು ಬಲಕ್ಕೆ ಜಾರಿಹೋಗಿವೆ.

ಎಷ್ಟು ಚಮಚ ಎಂದು ಕೇಳುವುದಿಲ್ಲ. ನೀನು ನಿಜ ಹೇಳುವುದಿಲ್ಲ, ನಾನು ಹೇಳಿದ್ದೆನೇ?

ಈಗ ನಾನು ಹೇಳಬೇಕಾದದ್ದನ್ನು ಹೇಳುತ್ತೇನೆ. ಎರಡು ತಿಂಗಳಿಂದ ಇದನ್ನು ಬರೆದು ಹರಿದು ಹಾಕುತ್ತಿದ್ದೇನೆ.

ಅಮ್ಮನ ಔಷಧಿಯನ್ನು ನಾನು ಕುಡಿಯುತ್ತಿದ್ದೆ. ನನ್ನ ಮಾತ್ರೆ ಸಿಗದೇ ಹೋದ ಮೇಲೆ, ಕೊನೆಯ ಆರು ವಾರ. ನೀನು ಕಚೇರಿಗೆ ಹೋದ ಮೇಲೆ ಕುಡಿದು, ಅಮ್ಮ ಹಾಕಿದ ಗೆರೆಯವರೆಗೆ ನಲ್ಲಿ ನೀರು ತುಂಬಿಸಿ ಇಡುತ್ತಿದ್ದೆ. ಮೊದಲ ವಾರ ಕಾಲು ಭಾಗ ನೀರು. ಕಡೆಕಡೆಗೆ ಪೂರ್ತಿ ನೀರೇ. ಸೀಸೆ ಕಂದು ಬಣ್ಣದ್ದು, ಹೊರಗಿನಿಂದ ಏನೂ ಕಾಣುವುದಿಲ್ಲ. ನೀನು ಸಂಜೆ ಬಂದು ಬಗ್ಗಿ, ಕಣ್ಣು ಮಟ್ಟ ಮಾಡಿ, ಗೆರೆ ನೋಡಿ, ಸರಿಯಿದೆ ಎನ್ನುತ್ತಿದ್ದೆ. ಆಮೇಲೆ ಅಮ್ಮನಿಗೆ ಒಂದು ಚಮಚ ನೀರು ಕುಡಿಸುತ್ತಿದ್ದೆ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಚಮಚ ಬಾಯಿಂದ ತೆಗೆದ ಕೂಡಲೇ ಅವಳು ನನ್ನ ಕಡೆ ನೋಡಿ, "ಕಡಿಮೆ ಆಯ್ತು ಕಣೋ, ಹೋಗಿ ಮಲಕ್ಕೋ" ಅನ್ನುತ್ತಿದ್ದಳು. ಅವಳಿಗೆ ಗೊತ್ತಿತ್ತು. ನೀರಿನ ರುಚಿ ಯಾರಿಗೆ ಗೊತ್ತಾಗುವುದಿಲ್ಲ?

ಇನ್ನೂ ಒಂದಿದೆ. ಕೊನೆಯ ನಾಲ್ಕು ದಿನ ಅವಳಿಗೆ ಪೆನ್ಸಿಲ್ ಹಿಡಿಯಲು ಆಗುತ್ತಿರಲಿಲ್ಲ. ಗೆರೆ ಇಲ್ಲದಿದ್ದರೆ ನಿನಗೆ ಅನುಮಾನ ಬರುತ್ತದೆ ಎಂದು ಆ ನಾಲ್ಕು ಗೆರೆಗಳನ್ನು ನಾನೇ ಹಾಕಿದೆ. ನೀನು ಇಟ್ಟುಕೊಂಡು ಕೂತಿರುವ ಗೆರೆ ಅಮ್ಮನದ್ದಲ್ಲ. ಕಳ್ಳನದ್ದು. ನಾನು ಬಿಟ್ಟುಬಂದಾಗ ಆ ಸೀಸೆಯಲ್ಲಿದ್ದದ್ದು ನೀರು. ನೂರ ಹತ್ತು ಮಿಲಿ ನೀರಿಗೆ ನೂರ ಹತ್ತೇ ಗ್ರಾಂ, ಅದಕ್ಕೇ ತೂಕ ಕೇಳಿ ಹೆದರಿದೆ.

ಈಗಲಾದರೂ ಒಡೆದುಹಾಕು. ಅದರಲ್ಲಿ ಅಮ್ಮನ ಕೈಯದು ಏನೂ ಇಲ್ಲ.

ಕ್ಷಮಿಸು ಎಂದು ಕೇಳಲು ಈ ಕಾಗದ ಬರೆದಿಲ್ಲ.

ತಮ್ಮ

ಆಗಸ್ಟ್ 24

ತಮ್ಮನಿಗೆ,

ನನಗೆ ಗೊತ್ತಿತ್ತು.

ಅಮ್ಮ ಸೀಸೆಯನ್ನು ತೊಡೆಯ ಮೇಲಿಟ್ಟುಕೊಂಡು ಗೆರೆ ಹಾಕುವವಳು. ಅವಳ ಗೆರೆ ಯಾವಾಗಲೂ ಬಲಕ್ಕೆ ಓರೆಯಾಗಿ ಇಳಿಯುತ್ತಿತ್ತು. ಈ ಸೀಸೆಯಲ್ಲಿ ಮೊದಲ ಎರಡು ಓರೆ ಇವೆ. ಮುಂದಿನ ನಾಲ್ಕು ಬೋರ್ಡು ಬರೆಯುವವನ ಗೆರೆಗಳು. ಚಮಚ ಹಿಡಿಯಲಾಗದವಳು ಅಷ್ಟು ನೇರವಾದ ಗೆರೆ ಹೇಗೆ ಹಾಕಿದಳು ಎಂದು ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಂಡೆ, ಅದೇ ಸಂಜೆ, ಮೊದಲ ನೇರ ಗೆರೆ ನೋಡಿದಾಗಲೇ. ಅಮ್ಮ ಇನ್ನೂ ಇದ್ದಳು.

ಐದು ವಾರ ಅವಳು ನರಳಿದಾಗ, "ಅಳತೆ ಸರಿಯಾಗಿದೆಯಮ್ಮ, ಔಷಧಿ ಹೋಗ್ತಾ ಇದೆ, ಸುಮ್ನೆ ಮಲಕ್ಕೋ" ಎಂದು ಗದರಿದ್ದೆ. ನಮ್ಮ ಇಲಾಖೆಯಲ್ಲಿ ಎಷ್ಟಿದೆ ಎಂದು ನೋಡುತ್ತೇವೆ, ಏನಿದೆ ಎಂದು ನೋಡುವುದು ನಮ್ಮ ಕೆಲಸವಲ್ಲ. ತೂಗಿದ್ದರೆ ಸಾಕಿತ್ತು. ಕಚೇರಿಯ ತಕ್ಕಡಿ ಆ ವಾರ ಮನೆಯಲ್ಲೇ ಇತ್ತು. ತೂಗಿದರೆ ಐದು ವಾರ ನಾನು ಏನು ಕುಡಿಸಿದೆ ಎಂದು ಗೊತ್ತಾಗುತ್ತಿತ್ತು. ಅದು ಗೊತ್ತಾಗುವುದು ನನಗೆ ಬೇಡವಾಗಿತ್ತು. ಅಲಮಾರಿಯಲ್ಲಿ ಬಿರಡೆ ತೆರೆಯದ ಹೊಸ ಸೀಸೆ ಇನ್ನೊಂದು ಇತ್ತು. ನಾಲ್ಕು ದಿನ ಅದರ ಮುಂದೆ ಓಡಾಡಿದೆ, ತೆರೆಯಲಿಲ್ಲ. ಅಮ್ಮ ಹೋದ ಮೇಲೆ ಅದನ್ನು ಹಾಗೇ ಆಸ್ಪತ್ರೆಗೆ ಮರಳಿಸಿ ರಸೀದಿ ತೆಗೆದುಕೊಂಡೆ.

ನೀನು ಕುಡಿದೆ, ನಿನಗೆ ಚಟವಿತ್ತು. ನನಗೆ ಏನಿತ್ತು?

ಗೆರೆ ಯಾರದ್ದೆಂದು ಗೊತ್ತಿದ್ದೂ ಅದನ್ನು ಅಮ್ಮನದ್ದು ಎಂದು ಇಟ್ಟುಕೊಂಡೆ. ತುಂಬುತ್ತಿರುವವಳು ಮಾತ್ರ ಅಮ್ಮನೇ. ಗೆರೆ ಅವಳದ್ದಲ್ಲ ಎಂದು ಅವಳಿಗೂ ಗೊತ್ತು, ಆದರೂ ಅಲ್ಲಿಯವರೆಗೇ ತುಂಬುತ್ತಾಳೆ. ಈ ಮನೆಯಲ್ಲಿ ನೋವಿರುವವರಿಗೆ ಅದು ಬೇಕೆಂದು ಅವಳು ತಿಳಿದಿದ್ದಾಳೆ. ಈಗ ಚಮಚ ಗಂಟೆಗೊಂದು ಸಲ ತುಂಬಿರುತ್ತದೆ. ಸೋಮವಾರದಿಂದ ಊಟ ಸೇರುತ್ತಿಲ್ಲ. ಇವತ್ತು ಎರಡು ಸಲ ಉಸಿರಾಡುವುದನ್ನು ಮರೆತಿದ್ದೆ. ನೆನಪಾಗಿ ಆಡಿದೆ.

ನೀನು ಬರಬೇಡ. ಇದನ್ನು ನೋಡಿದರೆ ನೀನೂ ಉಳಿಯುವುದಿಲ್ಲ.

ಅಕ್ಕ

ಸೆಪ್ಟೆಂಬರ್ 21

ಅಕ್ಕನಿಗೆ ನಮಸ್ಕಾರ,

ಫೋನು ಕೊಡುವುದಿಲ್ಲ, ಕಾಗದಕ್ಕೆ ಅಡ್ಡಿಯಿಲ್ಲ. ಈಗ ಅದು ನಿನ್ನ ಸರದಿ.

ಮೂರು ವಾರಕ್ಕೆ ನಿನಗೆ ಓದುವಷ್ಟು ಕಣ್ಣು ನಿಂತಿರುತ್ತದೆ ಎಂದು ಮ್ಯಾನೇಜರಮ್ಮ ಹೇಳಿದರು. ನಿನ್ನ ಕೊನೆಯ ಕಾಗದ ಓದಿ ಓಡಿಬಂದು ನಾನು ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ ದಿನ ನಿನಗೆ ನೆನಪಿರಲಾರದು. ನನಗೆ ಇನ್ನೂ ಮೂರು ವಾರ ಬಾಕಿಯಿತ್ತು. "ನೀನು ಹೋಗು, ನಿನ್ನ ಹಾಸಿಗೆಯ ಲೆಕ್ಕದಲ್ಲಿ ಅವರನ್ನ ಸೇರಿಸ್ಕೋತೀನಿ" ಅಂದರು. ನಿನ್ನ ಬಾಗಿಲ ಮೇಲಿನ ಹದಿನೇಳು ನಾನು ಬರೆದದ್ದು. ಏಳರ ಬಾಲ ನೋಡು, ಒಂದಿಷ್ಟೂ ನಡುಗಿಲ್ಲ. ಬೇಸರವಾದಾಗ ಅದನ್ನು ನೋಡುತ್ತಿರು. ಮೊದಲ ವಾರ ಮುಗಿಯಿತಲ್ಲ, ಅದಕ್ಕಿಂತ ಕೆಟ್ಟದ್ದು ಇನ್ನಿಲ್ಲ.

ಮನೆಗೆ ಬಂದು ನಿನ್ನನ್ನು ಕುರ್ಚಿಯಿಂದ ಎತ್ತಿದಾಗ ನಾನು ಸೀಸೆಯ ಕಡೆ ನೋಡಲಿಲ್ಲ. ನಿನ್ನನ್ನು ಬಿಟ್ಟು ಹಿಂದಿರುಗಿ, ಬೀಗ ತೆಗೆದು, ಒಳಗೆ ಹೋಗಿ ನೋಡಿದೆ. ನೂರ ಹತ್ತು, ನೀನು ಬರೆದ ಹಾಗೇ. ಚಮಚವೂ ತುಂಬಿತ್ತು. ವಾಸನೆ ಮೂಗಿಗೆ ಬಡಿದ ಕೂಡಲೇ ನನ್ನ ಬಾಯಲ್ಲಿ ನೀರೂರಿತು. ಮೂರು ತಿಂಗಳ ಮೇಲೂ ಮೈ ಏನನ್ನೂ ಮರೆತಿರಲಿಲ್ಲ. ನಿನಗೆ ಸುಳ್ಳು ಹೇಳುವುದಿಲ್ಲ, ಚಮಚವನ್ನು ತುಟಿಯವರೆಗೆ ತಂದೆ. ಅಂಚಿನವರೆಗೆ ತುಂಬಿದ್ದ ಚಮಚ ಅಷ್ಟರಲ್ಲೇ ಅಂಗಿಯ ಮೇಲೆ ಚೆಲ್ಲಿತು. ಅಂಗಿ ತೆಗೆದು ನೀರಲ್ಲಿ ನೆನೆಹಾಕಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಒಡೆಯಲಿಲ್ಲ. ನೀನು ಹೇಳಿದ್ದು ಸರಿ, ಒಡೆಯಲು ಆಗುವುದಿಲ್ಲ. ಬೇರೊಂದು ಕೆಲಸ ಮಾಡಿದೆ. ಪೂರ್ತಿ ಸುರಿದು, ಸೀಸೆ ತೊಳೆದು, ರಬ್ಬರ್ ತಂದು ನನ್ನ ನಾಲ್ಕು ಗೆರೆಗಳನ್ನೂ ಅಳಿಸಿದೆ. ಅಮ್ಮನ ಎರಡನ್ನು ಬಿಟ್ಟೆ. ಮರುದಿನ ಬೆಳಿಗ್ಗೆ ಸೀಸೆ ಖಾಲಿಯಿತ್ತು. ಅದರ ಮರುದಿನವೂ ಖಾಲಿ. ಮುಗಿಯಿತು ಎಂದುಕೊಂಡೆ. ಅಕ್ಕ, ನಾನು ಅತ್ತೆ. ಔಷಧಿ ಹೋಯಿತೆಂದು ಅತ್ತೆನೋ ಅಮ್ಮ ಹೋದಳೆಂದು ಅತ್ತೆನೋ ನನಗೆ ಗೊತ್ತಿಲ್ಲ.

ಮೂರನೇ ದಿನ ಬೆಳಿಗ್ಗೆ ಎಂಟಕ್ಕೆ ಚಮಚ ತುಂಬಿತ್ತು. ಲೇಬಲ್ಲಿನ ಮೇಲೆ, ನಾನು ಅಳಿಸಿದ ಜಾಗದಲ್ಲೇ, ಹೊಸ ಗೆರೆಯೊಂದಿತ್ತು. ಪೆನ್ಸಿಲಿನದು. ಬಲಕ್ಕೆ ಓರೆಯಾಗಿ ಇಳಿದಿತ್ತು.

ಸೀಸೆ ಆ ಗೆರೆಯವರೆಗೆ ತುಂಬಿತ್ತು. ವಾಸನೆ ನೋಡಲು ಧೈರ್ಯ ಬರಲಿಲ್ಲ. ನಿನ್ನ ಜಾಡಿಯಲ್ಲಿ ಅಳೆದೆ, ನೀನು ಹೇಳಿಕೊಟ್ಟ ಹಾಗೆ ಬಗ್ಗಿ, ಕಣ್ಣು ಮಟ್ಟ ಮಾಡಿ. ನೂರ ಹತ್ತು ಮಿಲಿ. ಆಮೇಲೆ ನಿನ್ನ ತಕ್ಕಡಿಯಲ್ಲಿ ತೂಗಿದೆ. ಜಾಡಿಯ ತೂಕ ಕಳೆದು ನೂರ ಹತ್ತು ಗ್ರಾಂ. ಇನ್ನೊಂದು ಸಲ ತೂಗಿದೆ. ನೂರ ಹತ್ತು.

ಚಮಚ ಎತ್ತಿ ಬಾಯಿಗೆ ಹಾಕಿಕೊಂಡೆ. ನೀರು. ನಮ್ಮ ನಲ್ಲಿಯ ನೀರು, ಅದೇ ಕಬ್ಬಿಣದ ರುಚಿ.

ಅಂದಿನಿಂದ ದಿನವೂ ಬರುತ್ತಿದೆ. ಎಂಟಕ್ಕೆ, ಎರಡಕ್ಕೆ, ಏಳಕ್ಕೆ. ಅಮ್ಮ ನನ್ನನ್ನು ಕ್ಷಮಿಸಿದಳೋ, ನಾನು ಮಾಡಿದ್ದನ್ನು ನನಗೇ ಕುಡಿಸುತ್ತಿದ್ದಾಳೋ, ತೂಗಿ ಹೇಳುವಂಥದ್ದಲ್ಲ. ಸುರಿಯುವುದಿಲ್ಲ. ಕೆಲಸಕ್ಕೆ ಹೊರಟರೂ ಎರಡಕ್ಕೆ ಮನೆಗೆ ಬಂದು ಕುಡಿದು ಹೋಗುತ್ತೇನೆ. ಮೊನ್ನೆಯಿಂದ ಏಣಿ ಹತ್ತುತ್ತಿರುವುದರಿಂದ ಬೆನ್ನು ಮತ್ತೆ ಹಿಡಿದುಕೊಂಡಿದೆ, ಬೆಳಿಗ್ಗೆ ಏಳುವಾಗ ಗೋಡೆ ಹಿಡಿಯಬೇಕು. ಚಮಚ ಬಾಯಿಂದ ತೆಗೆದ ಮೇಲೆ ಕೋಣೆಯಲ್ಲಿ ಯಾರೋ ಕಾಯುತ್ತಿರುವ ಹಾಗೆ ಸ್ವಲ್ಪ ಹೊತ್ತು ಏನೂ ಅಲುಗುವುದಿಲ್ಲ. ಆಗ ನಾನು ಬಾಗಿಲ ಕಡೆ ತಿರುಗಿ, "ಕಡಿಮೆ ಆಯ್ತು ಅಮ್ಮ, ಹೋಗಿ ಮಲಕ್ಕೋ" ಎನ್ನುತ್ತೇನೆ.

ಕಡಿಮೆಯಾಗಿರುವುದಿಲ್ಲ.

ಗಟ್ಟಿಯಾಗಿರು. ನೀನು ಬರುವ ದಿನ ಗೇಟಿನಲ್ಲಿರುತ್ತೇನೆ.

ಇತಿ,
ನಿನ್ನ ತಮ್ಮ